ಬಾಗಿಲ ಪಕ್ಕದ ಟೇಬಲ್ಲು

ಮುಂಬೈಯ ಬೈಕುಲ್ಲಾ ಮಾರ್ಕೆಟ್ಟಿನಲ್ಲಿ ನನ್ನದು ನಿಂಬೆಹಣ್ಣಿನ ಸಗಟು ವ್ಯಾಪಾರ. ಹಿಂದಿನ ಗಲ್ಲಿಯಲ್ಲಿ ಮಂಗಳೂರು ಕಡೆಯವರ ಹಳೆಯ ಲಂಚ್ ಹೋಮ್ ಇದೆ. ಮೀನೂಟವೂ ಸಿಗುತ್ತದೆ, ಬಿಯರೂ ಸಿಗುತ್ತದೆ. ಮರದ ಕುರ್ಚಿ, ಗಿರಗುಟ್ಟುವ ಫ್ಯಾನು, ಯಾವ ಶೋಕಿಯೂ ಇಲ್ಲ. ಅವರಿಗೆ ನಿಂಬೆ ಹೋಗುವುದು ನನ್ನ ಅಂಗಡಿಯಿಂದಲೇ. ನಾನು ಮಾತ್ರ ಅಲ್ಲಿ ಕೆಳಗೆ ಕೂತು ಉಂಡವಳಲ್ಲ. ಇಂಥ ಜಾಗಗಳ ರೂಢಿಯೇ ಹಾಗೆ: ಕೆಳಗೆ ಗಂಡಸರು, ಹೆಂಗಸರಿದ್ದರೆ ಏಣಿಯಂಥ ಮೆಟ್ಟಿಲು ಹತ್ತಿ, ತಲೆಗೆ ತಾಗುವ ಅಟ್ಟದಲ್ಲಿ, ಪರದೆಯ ಹಿಂದೆ. ಅದಕ್ಕೆ ಫ್ಯಾಮಿಲಿ ರೂಮ್ ಎಂದು ಮರ್ಯಾದೆಯ ಹೆಸರು.

ಮಗಳು ಪಾರ್ಲೆಯ ಕಾಲೇಜಿನ ಪರೀಕ್ಷೆ ಮುಗಿಸಿದ ಭಾನುವಾರ, ಗಂಡ, ಅತ್ತೆ, ಮಗಳನ್ನು ಅಲ್ಲಿಗೇ ಊಟಕ್ಕೆ ಹೊರಡಿಸಿದೆ. ಬಾಗಿಲ ಪಕ್ಕದ ಟೇಬಲ್ಲು ನನ್ನ ಗಂಡನ ಕಾಯಂ ಜಾಗ. ಅವತ್ತು ಮಾತ್ರ ನೇರ ಮೆಟ್ಟಿಲ ಕಡೆ ತಿರುಗಿದರು. ನಾನು ಹೋಗಿ ಆ ಟೇಬಲ್ಲಿಗೇ ಕೂತೆ. ನೀವೂ ಕಲಿತುಕೊಳ್ಳಿ, ಚೌಕಾಶಿಗೆ ಮೊದಲು ಕೂತುಬಿಡಬೇಕು. ನಿಂತವರನ್ನು ಸಾಗಹಾಕುವುದು ಸುಲಭ.

ಗಲ್ಲಾಪೆಟ್ಟಿಗೆ ಬಿಟ್ಟು ಮಾಲೀಕರು ಎದ್ದು ಬಂದರು. "ಅಕ್ಕಾ, ಫ್ಯಾಮಿಲಿ ಮೇಲೆ. ಎಸಿ ಉಂಟು ಮಾರಾಯ್ರೆ."

"ನನ್ನ ನಿಂಬಿಹಣ್ಣು ಎಲ್ಲಾ ಟೇಬಲ್ ಮ್ಯಾಲೂ ಕುಂತಾವಲ್ರೀ. ಅವನ್ನೂ ಅಟ್ಟಕ್ಕ ಕಳಸ್ತೀರೇನು?"

ಪಕ್ಕದ ಟೇಬಲ್ಲಿನವನು ಮುಸಿಮುಸಿ ನಕ್ಕು, ಬಾಟಲಿಯನ್ನು ಕಾಲ ಬಳಿ ಇಳಿಸಿದ.

"ಏ, ಸುಮ್ನ ಮ್ಯಾಲ ನಡಿ," ಗಂಡ ಪಿಸುಗುಟ್ಟಿದರು. "ನಾಳಿ ಇಲ್ಲಿ ನಾ ಹ್ಯಾಂಗ ಮಾರಿ ತೋರಸ್ಲಿ?"

"ಇಷ್ಟ ವರ್ಷ ನಿಮ್ಮ ಮಾರಿ ನೋಡ್ಯಾರ. ಇನ್ನ ನಂದೂ ನೋಡ್ಲಿ."

"ಮಮ್ಮಿ, ಸಬ್ ದೇಖ್ ರಹೇ ಹೈ," ಎಂದಳು ಮಗಳು.

"ನೋಡ್ಲಿ ಬಿಡು. ನೀ ಕುಂದ್ರು."

ಮಾಲೀಕರು ಅತ್ತೆಯನ್ನು ನೋಡಿ ದಾರಿ ಹುಡುಕಿದರು. "ಅಜ್ಜಿಗೆ ಮೆಟ್ಟಿಲು ಹತ್ತಲಿಕ್ಕೆ ಆಗುದಿಲ್ಲ ಅಲ್ವಾ? ಇವತ್ತೊಂದು ದಿನ ಇಲ್ಲೇ ಕೂತ್ಕೊಳ್ಳಿ."

ಗಂಡನಿಗೆ ಜೀವ ಬಂದಂತಾಯಿತು. ನಾನು ಮಾರ್ಕೆಟ್ಟಿನವಳು. ಮೊದಲ ರಿಯಾಯಿತಿಗೆ ತಲೆಯಾಡಿಸಿದರೆ ಅದೇ ಕೊನೆಯ ದರವಾಗುತ್ತದೆ. ಇವತ್ತು ಒಪ್ಪಿಕೊಂಡರೆ ಮುಂದೆ ಊಟಕ್ಕೆ ಬಂದಾಗಲೆಲ್ಲ ಒಂದು ಮಂಡಿನೋವನ್ನು ಜೊತೆಗೆ ತರಬೇಕು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಸೆರಗು ಸರಿಪಡಿಸಿಕೊಂಡು ಶುರುಮಾಡಿದರು.

"ನನ್ನ ಮೊಣಕಾಲಿಗೆ ಏನಾಗೇತೋ ತಮ್ಮಾ? ಚಾಳಿನ ಮೆಟ್ಲಾ ದಿನಾ ಹತ್ತಿ ಇಳೀತೀನಿ. ಇಕಿ ಇಲ್ಲಿ ಕುಂತಾಳ, ಅದಕ್ಕ ನಾನೂ ಇಲ್ಲೇ ಕುಂತೀನಿ. ಮೀನ ತಾಜಾ ಐತೋ ಇಲ್ಲೋ ಅದನ್ನ ಹೇಳು."

ಮಾಲೀಕರು ಅತ್ತಿತ್ತ ನೋಡಿದರು. ಯಾರೂ ಊಟ ಬಿಟ್ಟು ಎದ್ದಿರಲಿಲ್ಲ.

"ಬಂಗುಡೆ ಉಂಟು," ಎಂದರು ಸೋತ ದನಿಯಲ್ಲಿ.

"ತರ್ರಿ," ಎಂದೆ. ಪಕ್ಕದವನಿಗೂ ಹೇಳಿದೆ: "ಭಾವೂ, ಬಾಟ್ಲಿ ಮ್ಯಾಲ ಇಡ್ರಿ. ಕಾಲ ತಾಗಿ ಒಡದೀತು."

ಮುಂದಿನ ವಾರ, ವ್ಯಾಪಾರದ ದಿನ, ಮಧ್ಯಾಹ್ನ ಒಬ್ಬಳೇ ಹೋದೆ. ಮಾಲೀಕರು ನನ್ನ ಬೆನ್ನ ಹಿಂದೆ ಬಾಗಿಲತ್ತ ಇಣುಕಿದರು.

"ಅಕ್ಕಾ, ಜೊತೆಗೆ ಯಾರೂ ಇಲ್ವಾ?"

"ಹಸಿವು ನಂದೈತ್ರಿ," ಎಂದು ಕುರ್ಚಿ ಎಳೆದುಕೊಂಡೆ.