ಅರವತ್ತು ನಿಮಿಷದ ವಿರಹ

ಗುಬ್ಬಿಯ ಕೊಬ್ಬರಿ ವ್ಯಾಪಾರಿ ಗುರುಸಿದ್ದಯ್ಯನವರ ಮಗ ಗುರುಪ್ರಕಾಶನ ಹೃದಯ ಒಡೆದದ್ದು ತೊಂಬತ್ತೇಳರ ಬೇಸಿಗೆಯಲ್ಲಿ. ಒಡೆದ ಸದ್ದು ಮೂರು ತಾಲ್ಲೂಕಿಗೆ ಕೇಳಿಸಿತು. ಒಡೆದವಳಿಗೆ ಮಾತ್ರ ತಾನು ಏನನ್ನೋ ಒಡೆದಿದ್ದೇನೆ ಎಂಬುದೇ ಗೊತ್ತಿರಲಿಲ್ಲ.

ಅವಳು ಅಕ್ಷತಾ. ತುಮಕೂರಿನ ಬಟವಾಡಿಯ ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳ ಚೀಟಿ ಬರೆಯುತ್ತಿದ್ದಳು. ಗುಬ್ಬಿಯಲ್ಲಿ ಬೆಂಗಳೂರಿನ ಖಾಸಗಿ ಬಸ್ಸು ಹತ್ತಿ ಬಟವಾಡಿಯಲ್ಲಿ ಇಳಿಯುವುದು ಅವಳ ದಿನಚರಿ. ಅದೇ ಬಸ್ಸಿನ ಮುಂಬಾಗಿಲಲ್ಲಿ, ಕಂಪ್ಯೂಟರ್ ಕಲಿಯುತ್ತೇನೆಂದು ಅಪ್ಪನಿಗೆ ಹೇಳಿ ಏನನ್ನೂ ಕಲಿಯದ ಗುರುಪ್ರಕಾಶ ಕಂಬಿಗೆ ಜೋತುಬಿದ್ದು ನಿಂತಿರುತ್ತಿದ್ದ. ಒಂದು ದಿನ ಅವಳು ಅವನಿಗೆ, "ಸ್ವಲ್ಪ ಸರೀರಿ, ಇಳೀಬೇಕು" ಅಂದಳು. ಅಷ್ಟೇ. ಈ ಮೂರು ಪದದ ಮೇಲೆ ಗುರುಪ್ರಕಾಶ ಎರಡು ವರ್ಷ ಸಂಸಾರ ಮಾಡಿದ. ಮನಸ್ಸಿನಲ್ಲಿ ದೇವರಾಯನದುರ್ಗದಲ್ಲಿ ಮದುವೆಯೂ ಆಗಿ, ಮಕ್ಕಳಿಗೆ ಹೆಸರನ್ನೂ ಇಟ್ಟಿದ್ದ. ಹಾಗಿರುವಾಗ ಅವಳಿಗೆ ಕುಣಿಗಲ್ಲಿನ ಕಡೆ ಗಂಡು ಗೊತ್ತಾಯಿತು. ಗುರುಪ್ರಕಾಶ ಗಡ್ಡ ಬಿಟ್ಟ.

ಗಡ್ಡ ಬಿಟ್ಟವರು ಆ ಕಾಲದಲ್ಲಿ ನೆಟ್ಟಗೆ ಹೋಗುತ್ತಿದ್ದದ್ದು ತುಮಕೂರಿನ ಮುಖ್ತಾರ್ ಅಹಮದನ ರೆಕಾರ್ಡಿಂಗ್ ಅಂಗಡಿಗೆ. ಹಾಡು ಹೇಳಿದರೆ ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುತ್ತಿದ್ದ. ಲಗ್ನದ ಸೀಸನ್ನಿನಲ್ಲಿ ಊರಲ್ಲಿ ಭರ್ಜರಿ ವ್ಯಾಪಾರ ಇಬ್ಬರಿಗೆ: ಬಳೆ ಅಂಗಡಿಯವನಿಗೂ ಮುಖ್ತಾರನಿಗೂ. ಬಳೆ ತೊಟ್ಟವಳ ಲೆಕ್ಕಕ್ಕೆ ಒಬ್ಬನಾದರೂ ಅಳುವವನು ಇದ್ದೇ ಇರುತ್ತಾನಲ್ಲ! ಹೆಣ್ಣಿಗೆ ಒಂದು ಮಾತು ಕೇಳುವ ಧೈರ್ಯವಿಲ್ಲದ ಗಂಡಸರೆಲ್ಲ ಅಲ್ಲಿ ಬಂದು, ಅವಳನ್ನು ದ್ರೋಹಿ, ಕಟುಕಿ ಎನ್ನುವ ಹಾಡುಗಳನ್ನು ಆರಿಸಿ ಆರಿಸಿ ತುಂಬಿಸಿಕೊಂಡು ಹೋಗುತ್ತಿದ್ದರು.

ಗುರುಪ್ರಕಾಶನಿಗೆ ಹಾಡು ಸಾಲಲಿಲ್ಲ. "ಮುಖ್ತಾರಣ್ಣ, ಹಾಡಿನ ಮಧ್ಯೆ ಮಧ್ಯೆ ನಾನು ಮಾತಾಡ್ತೀನಿ. ಮೈಕು ಕೊಡಿ."

"ಮಾತಾಡು ಭಾಯ್. ಹುಡುಗಿ ಹೆಸರು ಬ್ಯಾಡ."

"ಹೆಸರಿಲ್ದೆ ಇದ್ರೆ ಅದೆಂಥ ಪ್ರೀತಿ?"

ಒಳಮನೆಯಿಂದ ಮುಖ್ತಾರನ ಹೆಂಡತಿ ಶಕೀಲಾ, ಹೊಲಿಗೆ ಮೆಷಿನ್ ನಿಲ್ಲಿಸದೆಯೇ ಕೂಗಿದಳು: "ಪ್ರೀತಿ ಅಂತೆ! ಅವ್ಳಿಗೆ ಗೊತ್ತಾ ನಿನ್ ಹೆಸ್ರು?"

ಗುರುಪ್ರಕಾಶ ಅದನ್ನು ಕೇಳಿಸಿಕೊಳ್ಳಲಿಲ್ಲ. ಗಿರಾಕಿ ಕೈಬಿಡಲು ಮನಸ್ಸಿಲ್ಲದ ಮುಖ್ತಾರ್ ಮೈಕು ಕೊಟ್ಟ. ಎರಡು ಹಾಡಿನ ಸಂದಿಯಲ್ಲೆಲ್ಲ ಗುರುಪ್ರಕಾಶನ ಧ್ವನಿ, ಬಾವಿಯೊಳಗಿಂದ ಬಂದಂತೆ: "ಗುಬ್ಬಿಯ ಅಕ್ಷತಾ, ಕೈ ಹಿಡಿಯುತ್ತೇನೆಂದು ಮಾತು ಕೊಟ್ಟು ಕುಣಿಗಲ್ಲಿಗೆ ಹೊರಟೆಯಾ?" ಕ್ಯಾಸೆಟ್ಟು ಕೈಗೆ ಬಂದ ಕೂಡಲೇ ಅದರ ಬೆನ್ನಿನ ಎರಡು ಪ್ಲಾಸ್ಟಿಕ್ ಚೂರನ್ನೂ ಮುರಿದುಹಾಕಿದ. ಅವನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಬೇರೇನೂ ರೆಕಾರ್ಡ್ ಆಗದು. ತನ್ನ ದುಃಖವನ್ನು ಯಾರೂ ಅಳಿಸಬಾರದು ಎಂಬ ಮುನ್ನೆಚ್ಚರಿಕೆ.

ಮನೆಯ ಬಾಗಿಲು ಹಾಕಿಕೊಂಡು ಕೇಳಿ ಅತ್ತಿದ್ದರೆ ಅವನ ಪಾಡಿಗೆ ಅವನು. ಆದರೆ ನಮ್ಮ ಕಡೆಯ ವಿರಹಿಗಳಿಗೆ ಒಂದು ಪದ್ಧತಿಯಿತ್ತು. ಕ್ಯಾಸೆಟ್ಟನ್ನು ಬಸ್ಸಿನ ಡ್ರೈವರನ ಕೈಗಿಡುವುದು. ಇಡೀ ಬಸ್ಸು ಮರುಗದಿದ್ದರೆ ಅದು ವಿರಹವೇ ಅಲ್ಲ. ಗುರುಪ್ರಕಾಶನೂ ಡ್ರೈವರ್ ಚಿಕ್ಕರಂಗಯ್ಯನಿಗೆ ಕೊಟ್ಟು, ತಾನು ಆ ವಾರ ಬಸ್ಸು ಹತ್ತದೆ ಮನೆಯಲ್ಲಿ ಮಲಗಿದ. ಚಿಕ್ಕರಂಗಯ್ಯ ಹಾಕಿದ. ಜನ ಕೇಳಿದರು. ಹಿಂದಿನ ಸೀಟಿನವರು "ಪಾಪ, ಹುಡುಗ!" ಅಂದರು. ಮುಂದಿನ ಸೀಟಿನಲ್ಲಿ ಕೂತಿದ್ದ ಅಕ್ಷತಾಳ ಕಡೆ ಇಡೀ ಬಸ್ಸು ತಿರುಗಿತು. ಆ ಹುಡುಗಿಗೆ ಯಾರೂ ಪಾಪ ಅನ್ನಲಿಲ್ಲ. ಡ್ರೈವರುಗಳು ತುಮಕೂರಿನಲ್ಲಿ ಕ್ಯಾಸೆಟ್ಟು ಅದಲುಬದಲು ಮಾಡಿಕೊಳ್ಳುವವರು. ಆ ದುಃಖ ಹೆಬ್ಬೂರು ದಾಟಿ ಕುಣಿಗಲ್ಲಿಗೂ ಹೋಗಿಬಂತು.

ಗಂಡಿನ ಕಡೆಯವರು ಹೇಳಿಕಳಿಸಿದರು: ನಿಮ್ಮ ಮಗಳು ಮಾತು ಕೊಟ್ಟವನಿಗೇ ಅವಳನ್ನು ಕೊಟ್ಟುಬಿಡಿ. ಅಕ್ಷತಾಳ ಅಪ್ಪ ಸದಾಶಿವಯ್ಯ ಮಗಳನ್ನು ಏನೂ ಕೇಳಲಿಲ್ಲ. ಕೇಳದೆಯೇ ತೀರ್ಪು ಕೊಟ್ಟರು. "ಸೋಮವಾರದಿಂದ ಕೆಲಸ ಸಾಕು. ಮನೇಲಿರು."

ಶನಿವಾರ ಗುರುಪ್ರಕಾಶ ಮುಖ್ತಾರನ ಅಂಗಡಿಯಲ್ಲಿದ್ದ. ಮೊದಲ ಕ್ಯಾಸೆಟ್ಟಿಗೆ ಬಂದ ಹೆಸರು ನೋಡಿ ಎರಡನೆಯದಕ್ಕೆ ಹಾಡು ಆರಿಸುತ್ತಿದ್ದ. ಬಾಗಿಲಿಗೆ ಅಡ್ಡ ನಿಂತು ಗಡ್ಡ ನೀವಿಕೊಳ್ಳುತ್ತಿದ್ದವನ ಬೆನ್ನ ಹಿಂದೆ ಒಂದು ದನಿ.

"ಸ್ವಲ್ಪ ಸರೀರಿ."

ಸರಿದ. ಅಕ್ಷತಾ ಅವನ ಮುಖ ನೋಡಿದಳು, ಬಾಗಿಲ ಚೌಕಟ್ಟನ್ನು ನೋಡಿದ ಹಾಗೆ. ಒಳಗೆ ಬಂದು ಕ್ಯಾಸೆಟ್ಟನ್ನು ಮೇಜಿನ ಮೇಲೆ ಕುಕ್ಕಿದಳು. ಚಿಕ್ಕರಂಗಯ್ಯನ ಜೊತೆ ಜಗಳವಾಡಿ ಕಿತ್ತುಕೊಂಡು ಬಂದಿದ್ದಳು.

"ಇದು ನಿಮ್ಮಂಗ್ಡೀದಂತೆ. ಯಾರ್ರೀ ಇದರಲ್ಲಿ ಮಾತಾಡಿರೋನು? ಗುಬ್ಬಿಯೋನಾ? ನಂಗೆ ಗೊತ್ತಾಗ್ಬೇಕು. ಸೋಮವಾರದಿಂದ ನನ್ನ ಕೆಲಸ ಹೋಯ್ತದೆ."

ಮುಖ್ತಾರ್ ತಲೆ ತಗ್ಗಿಸಿದ. ಅವಳು ಪಕ್ಕದಲ್ಲಿದ್ದ ಗಿರಾಕಿಯ ಕಡೆ ತಿರುಗಿದಳು. "ನಿಮಗೇನಾದ್ರೂ ಗೊತ್ತೇನ್ರೀ?"

ಎರಡು ವರ್ಷ ಕಾದ ಪ್ರಶ್ನೆಯಲ್ಲ ಅದು. ಆದರೂ ಅವಳಾಗಿ ಕೇಳಿದ ಮೊದಲ ಪ್ರಶ್ನೆ. ಅಮರ ಪ್ರೇಮಿ ಉತ್ತರಿಸಿದ: "ಇಲ್ಲ ಮೇಡಂ. ನಾನು ಗುಬ್ಬಿಯೋನಲ್ಲ."

ಹೊಲಿಗೆ ಮೆಷಿನ್ ನಿಂತಿತು. ಶಕೀಲಾ ಪರದೆ ಸರಿಸಿ ಹೊರಗೆ ಬಂದಳು. "ಇವ್ನೇ ಕಣಮ್ಮ! ನೋಡು, ಗಡ್ಡ ಬೇರೆ! ಏನ್ಲಾ, ಬಸ್ಸು ತುಂಬಾ ಅವ್ಳ ಹೆಸ್ರು ಕೂಗ್ದೋನು, ಎದುರಿಗೆ ನಿಂತ್ರೆ ಊರೇ ಬದ್ಲಾಯ್ತಾ?"

ಅಕ್ಷತಾ ಅವನನ್ನು ಈಗ ಸರಿಯಾಗಿ ನೋಡಿದಳು. ನೆನಪಿಸಿಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಿಸಿದಳು. ಆಗಲಿಲ್ಲ. ಗುರುಪ್ರಕಾಶನಿಗೆ ಜೀವಮಾನದಲ್ಲಿ ಆದ ನಿಜವಾದ ಪೆಟ್ಟು ಅದೇ. ಅದಕ್ಕೆ ಯಾವ ಹಾಡೂ ಇರಲಿಲ್ಲ.

"ನಾನ್ ಯಾವತ್ ಮಾತು ಕೊಟ್ಟೆ?"

"ಸ್ವಲ್ಪ ಸರೀರಿ ಅಂದ್ರಲ್ಲ... ಹೋದ್ ಹೋದ ವರ್ಷ, ಶ್ರಾವಣದಲ್ಲಿ."

ಅವಳು ಬಯ್ಯಲಿಲ್ಲ. "ಅದನ್ನೇ ಮೈಕಲ್ಲಿ ಹೇಳಿ" ಅಂದಳು.

"ಚೂರು ಮುರಿದುಬಿಟ್ಟಿದೀನಿ. ಇನ್ನು ಅದರ ಮೇಲೆ ರೆಕಾರ್ಡ್ ಆಗಲ್ಲ."

ಮುಖ್ತಾರ್ ಈಗ ಬಾಯಿ ಬಿಟ್ಟ. "ಆಗ್ತದೆ." ಆ ತೂತುಗಳ ಮೇಲೆ ಅಂಟುಟೇಪಿನ ತುಂಡು ಹಚ್ಚಿ ಕ್ಯಾಸೆಟ್ಟನ್ನು ಒಳಗೆ ತಳ್ಳಿದ. ಅಳಿಸಲಾಗದ ದುಃಖಕ್ಕೆ ಅಷ್ಟು ಸಾಕಾಯಿತು.

ಬಾವಿಯೊಳಗಿನ ಆ ಧ್ವನಿ ಈಗ ಬರಲೊಲ್ಲದು. ತೊದಲಿದ, ಕೆಮ್ಮಿದ. "ಜೋರಾಗ್ ಹೇಳು, ಬಸ್ಸಿನ ಹಿಂದಿನ ಸೀಟಿಗೆ ಕೇಳ್ಬೇಕು" ಎಂದು ಶಕೀಲಾ ಪಕ್ಕದಲ್ಲಿ ನಿಂತಳು. ಕೊನೆಗೆ ಪ್ರತಿ ಹಾಡಿನ ಸಂದಿಯಲ್ಲೂ ತುಂಬಿದ್ದು ಇದು: "ನಾನು ಗುಬ್ಬಿ ಗುರುಪ್ರಕಾಶ. ಅಕ್ಷತಾ ಅವರಿಗೆ ನಾನು ಯಾರು ಅಂತಾನೇ ಗೊತ್ತಿಲ್ಲ. ಅವರು ನನ್ನ ಹತ್ರ ಆಡಿರೋದು ಒಂದೇ ಮಾತು, ಸ್ವಲ್ಪ ಸರೀರಿ, ಇಳೀಬೇಕು. ಉಳಿದಿದ್ದೆಲ್ಲ ನಾನು ಕಟ್ಟಿದ್ದು."

ಮುಗಿದ ಮೇಲೆ ಅಂಟುಟೇಪನ್ನು ಅಕ್ಷತಾಳೇ ಕಿತ್ತು ಬಿಸಾಡಿದಳು. ಕ್ಯಾಸೆಟ್ಟು ಚಿಕ್ಕರಂಗಯ್ಯನ ಕೈಗೆ ವಾಪಸ್ಸಾಗಿ, ಅಲ್ಲಿಂದ ಕುಣಿಗಲ್ ಬಸ್ಸಿಗೂ ಹೋಯಿತು. ಕುಣಿಗಲ್ಲಿನವರು ಮತ್ತೆ ಸಂಬಂಧಕ್ಕೆ ಬಂದರು. ಬ್ಯಾಡ ಅಂದವಳು ಅವಳೇ. ಸದಾಶಿವಯ್ಯ ಮಗಳ ಕ್ಷಮೆ ಕೇಳಲಿಲ್ಲ. ಅಪ್ಪಂದಿರು ಕೇಳುವುದಿಲ್ಲ. ಆದರೆ ಭಾನುವಾರದ ಬಸ್ಸಿನಲ್ಲೇ ಅದನ್ನು ಕೇಳಿದ್ದವರು, ಆ ಸೋಮವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಒಯ್ಯುವ ಊಟದ ಡಬ್ಬಿಯನ್ನು ತಾವೇ ತಂದು ಬಾಗಿಲಲ್ಲಿಟ್ಟಿದ್ದರು.

ಗುರುಪ್ರಕಾಶ ಗಡ್ಡ ತೆಗೆದು ಕೊಬ್ಬರಿ ಮಂಡಿಯಲ್ಲಿ ಕೂತ. ಮದುವೆಯಾಯಿತು. ಸೀಡಿ ಕಾಲ ಬಂದಾಗ ಆ ಕ್ಯಾಸೆಟ್ಟನ್ನು ಚಿಕ್ಕರಂಗಯ್ಯನಿಂದ ಈಸಿಕೊಂಡು ಹಾಡನ್ನೆಲ್ಲ ಸೀಡಿಗೆ ಹಾಕಿಸಿ, ಮಾತನ್ನು ಮಾತ್ರ ಕತ್ತರಿಸಿದ. "ನನ್ ಲೈಫಲ್ಲೂ ಒಂದು ಟ್ರ್ಯಾಜಿಡಿ ಆಗಿದೆ ಕಣೋ" ಎಂದು ಇವತ್ತಿಗೂ ಗೆಳೆಯರ ಮುಂದೆ ಶುರುಮಾಡುತ್ತಾನೆ. ಆದರೆ ಬಸ್ಸು ಹತ್ತಿದ ದಿನ ಅವನು ಬಾಗಿಲಲ್ಲಿ ನಿಲ್ಲುವುದಿಲ್ಲ. ಬಟವಾಡಿ ಇನ್ನೂ ದೂರವಿರುವಾಗಲೇ, ಯಾರೂ ಕೇಳದೆ, ಸರಿಯುತ್ತಾನೆ.