ಕರೆಯದೆ ಹೋಗುವ ಠಾಣೆ

ದಿಬ್ಬೂರಹಳ್ಳಿಯ ಕೋನಪ್ಪ ಬಿದಿರು ಸೀಳಿ, ರೇಷ್ಮೆಹುಳ ಗೂಡು ಕಟ್ಟೋ ಚಂದ್ರಿಕೆ ಹೆಣೆದರೆ ಸಾದಲಿಯ ರೈತರು ಮನೆ ಬಾಗಿಲಿಗೇ ಬಂದು ಒಯ್ಯುತ್ತಿದ್ದರು. ಅದೇ ರೈತರ ಮನೆಯಲ್ಲಿ ಒಂದು ಕೋಳಿ ಕಾಣೆಯಾದರೂ ಪೊಲೀಸರಿಗೆ ಮೊದಲು ನೆನಪಾಗುತ್ತಿದ್ದದ್ದು ಕೋನಪ್ಪನೇ. ಅವನು ಮಾಡಿದ ತಪ್ಪೇನು ಅಂತೀರಾ? ಕೊರಚರ ಮನೇಲಿ ಹುಟ್ಟಿದ್ದು, ಅಷ್ಟೇ! ಕಳ್ಳರ ಜಾತಿ ಅಂತ ಬ್ರಿಟಿಷರು ಬರೆದಿಟ್ಟ ಕಾನೂನು ಸತ್ತು ನಲವತ್ತು ವರ್ಷವಾಗುತ್ತ ಬಂದಿತ್ತು. ಅನುಮಾನದವರ ಹೆಸರು ಬರೆದಿಡೋ ಠಾಣೆಯ ಪುಸ್ತಕ ಮಾತ್ರ ಸತ್ತಿರಲಿಲ್ಲ. ಅವನ ಹೆಸರು, ಅಪ್ಪನ ಹೆಸರು, ತಾತನ ಹೆಸರು ಎಲ್ಲಾ ಅದರಲ್ಲೇ ಇದ್ದವು.

ಅದಕ್ಕೇ ಅವನದೊಂದು ರೂಢಿ. ಕಳ್ಳತನದ ಸುದ್ದಿ ಕಿವಿಗೆ ಬಿದ್ದರೆ ಸಾಕು, ಟವೆಲ್ ಹೆಗಲಿಗೆ ಹಾಕಿ ತಾನೇ ಹೋಗಿ ಠಾಣೆ ಮುಂದೆ ಕೂರೋದು. ನಾವಾಗೇ ಹೋದರೆ ಏಟು ಕಮ್ಮಿ ಅಂತ ಅಪ್ಪ ಹೇಳಿಕೊಟ್ಟಿದ್ದ. ಎಂಥಾ ಬುದ್ಧಿವಾದ ನೋಡಿ!

ತೊಂಬತ್ತೊಂದರಲ್ಲಿ ಶಾಸಕರ ಸಮಿತಿಯೊಂದು ಚಿಕ್ಕಬಳ್ಳಾಪುರಕ್ಕೆ ಬಂತು. ಹುಟ್ಟು ನೋಡಿ ಜನರನ್ನು ಠಾಣೆಗೆ ಎಳೆಯೋದು ನಿಲ್ಲಬೇಕು, ಅದಕ್ಕೊಂದು ಕಾಯ್ದೆ ಬೇಕು ಅಂತ ಅರ್ಜಿ ಬರೆದವಳು ಕೋನಪ್ಪನ ಮಗಳು ಆಂಜಿನಮ್ಮ. ಅವಳ ಮದುವೆಯಾಗಿ ಮೂರು ತಿಂಗಳು. ಗಂಡ ವೆಂಕಟೇಶ ಮನೆ ಅಳಿಯನಾಗಿ ಮಾವನ ಜೊತೆ ಬಿದಿರು ಸೀಳುತ್ತಿದ್ದ. ಅವನ ಹೆಸರು ಆ ಪುಸ್ತಕಕ್ಕೆ ಹತ್ತಬಾರದು, ಕೋನಪ್ಪನಿಗಿದ್ದ ಹಂಬಲ ಅದೊಂದೇ. ಸಮಿತಿ ಮುಂದೆ ಹೇಳಿಕೆ ಕೊಡೋಕೆ ಮಗಳ ಜೊತೆ ಹೊರಟ.

"ನಿಮ್ಮ ಹೆಸರು ಹೇಳಿ, ಯಜಮಾನ್ರೇ," ಅಂದರು ಸಮಿತಿಯ ಅಧ್ಯಕ್ಷರು.

ದಾರಿಯುದ್ದಕ್ಕೂ ಮಗಳು ಬಾಯಿಪಾಠ ಮಾಡಿಸಿದ್ದೆಲ್ಲ ಹಾರಿಹೋಯಿತು. ಕೋನಪ್ಪ ಕುರ್ಚಿ ಬಿಟ್ಟು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ತನ್ನ ಹೆಸರು, ಅಪ್ಪನ ಹೆಸರು, ತಾತನ ಹೆಸರು ಒಂದೇ ಉಸಿರಿಗೆ ಹೇಳಿ, ಕೆನ್ನೆ ತಿರುಗಿಸಿ ಗುರುತಿನ ಮಚ್ಚೆ ತೋರಿಸಿದ. ಆಮೇಲೆ ಬೆರಳಚ್ಚಿಗೆ ಅಂತ ಹತ್ತೂ ಬೆರಳು ಮುಂದೆ ಚಾಚಿದ.

"ಅಪ್ಪಾ, ಇದು ಠಾಣೆ ಅಲ್ಲ ಕಣಪ್ಪಾ," ಅಂತ ಆಂಜಿನಮ್ಮ ಅತ್ತೇಬಿಟ್ಟಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಕೋನಪ್ಪನಿಗೆ. "ನನ್ನ ಕಥೆ ಮುಗೀತು ಸ್ವಾಮಿ. ಅಳಿಯನ ಹೆಸರು ಬರೀಬಾರದು ಅಂತ ಕಾನೂನು ಮಾಡ್ಕೊಡಿ," ಅಂದ. ಅಧ್ಯಕ್ಷರು ತಲೆ ತಗ್ಗಿಸಿ ಬರೆದುಕೊಂಡರು. ವರದಿ ಬೆಂಗಳೂರಿಗೆ ಹೋಯಿತು. ಕಾಯ್ದೆ ಮಾತ್ರ ಬರಲಿಲ್ಲ.

ವರ್ಷ ಕಳೆದ ಮೇಲೆ ಸಾದಲಿಯಲ್ಲಿ ರೇಷ್ಮೆಗೂಡಿನ ಮೂಟೆ ಕಳುವಾಯಿತು. ಸುದ್ದಿ ಕೇಳಿದ್ದೇ ಕೋನಪ್ಪ ಟವೆಲ್‌ಗೆ ಕೈ ಹಾಕಿದ. ತಿರುಗಿ ನೋಡಿದರೆ ವೆಂಕಟೇಶ ಆಗಲೇ ಹೆಗಲಿಗೆ ಟವೆಲ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

"ನಾನೂ ಬರ್ತೀನಿ ಮಾವ. ನಾವಾಗೇ ಹೋದ್ರೆ ಏಟು ಕಮ್ಮಿ ಅಲ್ವಾ?"

ತನ್ನದೇ ಮಾತು ಅಳಿಯನ ಬಾಯಲ್ಲಿ ಕೇಳಿ ಕೋನಪ್ಪ ತನ್ನ ಟವೆಲ್ ಕೈಬಿಟ್ಟ. ಅಯ್ಯೋ, ಪೊಲೀಸರು ಬರೆಯೋ ಮೊದಲೇ ಅಳಿಯನ ಹೆಸರು ಆ ಪುಸ್ತಕಕ್ಕೆ ಸೇರಿಸಿದವನು ತಾನೇ! ಅಳಿಯನ ಹೆಗಲಿಂದ ಟವೆಲ್ ತೆಗೆದು ಗೂಟಕ್ಕೆ ಹಾಕಿದ.

"ಕೂತ್ಕೊಳ್ಳಪ್ಪ. ಅರ್ಧ ಚಂದ್ರಿಕೆ ಉಳಿದೈತೆ. ಅವರು ಬಂದ್ರೆ, ಯಾಕೆ ಅಂತ ನಾನು ಕೇಳ್ತೀನಿ."