ಹತ್ತಿಕೈಯವರು ತಂದ ರಕ್ತ

ಹತ್ತಿಕೈಯವರು ಬಾಗಿಲು ಮುಚ್ಚಿದರೆ ಬಾಗಿಲಿಗೇ ಗೊತ್ತಾಗುತ್ತಿರಲಿಲ್ಲ. ಲೋಟವನ್ನು ಮೇಜಿನ ಮೇಲಿಟ್ಟ ಮೇಲೂ ಮೇಜು ಇನ್ನೂ ಕಾಯುತ್ತಲೇ ಇರುತ್ತಿತ್ತು. ಒಮ್ಮೆ ಮಲಗಿದ್ದ ಬೆಕ್ಕಿನ ಕೆಳಗಿಂದ ದಿಂಬು ಎಳೆದುಕೊಂಡರಂತೆ. ಬೆಕ್ಕು ಎದ್ದದ್ದು ಮರುದಿನ, ಅದೂ ಹಸಿವಾಗಿ. ಬೆಣ್ಣೆಯಿಂದ ಕೂದಲು ತೆಗೆಯುವ ಕೆಲಸ ಲೋಕದಲ್ಲಿ ಎಲ್ಲಿದ್ದರೂ ಅದು ಅವರಿಗೇ ಬರಬೇಕು ಎಂದು ಕಚೇರಿಯಲ್ಲಿ ಎಲ್ಲರೂ ನಂಬಿದ್ದರು. ಮೊದಲು ನಂಬಿದವರು ಅವರೇ.

ಕೆಲಸವೂ ಅದಕ್ಕೆ ತಕ್ಕದ್ದೇ. ಮುಷ್ಟಿಯೊಳಗೆ ಹಿಡಿಸುವ ಒಂದು ಪಂಪನ್ನು ಅವರು ರೂಪಿಸುತ್ತಿದ್ದರು. ಸೋತ ಹೃದಯದ ಪರವಾಗಿ ರಕ್ತ ತಳ್ಳುವ ಪಂಪು. ಒಳಗಿನ ರೆಕ್ಕೆಚಕ್ರ ಎಲ್ಲಿಯೂ ತಾಗದೆ, ಆಯಸ್ಕಾಂತಗಳ ನಡುವೆ ತೇಲುತ್ತ ತಿರುಗಬೇಕು. ತಾಗಿದರೆ, ನಡುಗಿದರೆ, ರಕ್ತದ ಕಣಗಳು ಒಡೆಯುತ್ತವೆ. ರೆಕ್ಕೆಗಳ ಆಕಾರ ಹತ್ತಿಕೈಯವರದು. ಚಕ್ರವನ್ನು ತೇಲಿಸಿ ಹಿಡಿಯುವ ಆಯಸ್ಕಾಂತಗಳ ಲಗಾಮು ಪಕ್ಕದ ಮೇಜಿನ ಮೇಡಂ ಕೈಯಲ್ಲಿ.

ಪರೀಕ್ಷೆ ಸರಳ. ಕಸಾಯಿಖಾನೆಯಿಂದ ತಂದ ರಕ್ತವನ್ನು ಪಂಪಿನಲ್ಲಿ ಸುತ್ತಿಸಿ, ಕೆಂಪನ್ನು ತಳಕ್ಕಿಳಿಸಿ, ಮೇಲೆ ನಿಂತ ತಿಳಿಯನ್ನು ನೋಡುವುದು. ಒಣಹುಲ್ಲಿನ ಬಣ್ಣವಿದ್ದರೆ ಕ್ಷೇಮ. ಗುಲಾಬಿಯಾದರೆ ಕಣಗಳು ಒಡೆದಿವೆ. ಪಂಪಿಗೆ ಹಾಕದ ಒಂದು ಜಾಡಿ ರಕ್ತವನ್ನೂ ಪಕ್ಕದಲ್ಲಿಟ್ಟು ಹೋಲಿಸುವುದು ಪದ್ಧತಿ. ಹತ್ತಿಕೈಯವರು ಅದನ್ನು ರದ್ದು ಮಾಡಿದ್ದರು. "ನಾನೇ ತಂದ ರಕ್ತ. ಅದರ ಮೇಲೆ ಅನುಮಾನವಾ?"

ತಿಳಿ ಪ್ರತಿ ಸಲವೂ ಗುಲಾಬಿಯಾಯಿತು.

"ನನ್ನ ರೆಕ್ಕೆಗಳು ಹಂಸ ಇದ್ದ ಹಾಗೆ. ನಿಮ್ಮ ಆಯಸ್ಕಾಂತವೇ ನಡುಗ್ತಿದೆ ಮೇಡಂ," ಎಂದರು ಹತ್ತಿಕೈಯವರು. ಎಲ್ಲರೆದುರು ಇನ್ನೊಂದನ್ನೂ ಸೇರಿಸಿದರು: "ಹದ ಅನ್ನೋದು ಎಲ್ಲರ ಕೈಗೂ ಬರಲ್ಲ."

ಮೇಡಂ ವಾರಗಟ್ಟಲೆ ಲಗಾಮನ್ನು ಬಿಗಿಮಾಡಿದರು, ಸಡಿಲಿಸಿದರು. ಮಗಳ ಶಾಲೆಯ ನಾಟಕಕ್ಕೂ ಹೋಗಲಿಲ್ಲ. ಕೊನೆಗೆ ಮುಖ್ಯಸ್ಥರು ಹೇಳಿಬಿಟ್ಟರು: ಇನ್ನೊಂದು ಪರೀಕ್ಷೆ ಸೋತರೆ ತೇಲುವ ಚಕ್ರ ರದ್ದು, ಮೇಡಂ ನೀರಿನ ಮೋಟಾರುಗಳ ವಿಭಾಗಕ್ಕೆ.

ಆ ಕೊನೆಯ ಪರೀಕ್ಷೆಯ ದಿನ ರಕ್ತದ ಕ್ಯಾನಿನ ಹಿಡಿ ಕಿತ್ತುಹೋಗಿತ್ತು. ಅದನ್ನು ಮಡಿಲಲ್ಲಿ ಹಿಡಿದುಕೊಳ್ಳಲು ಮೇಡಂ ಹತ್ತಿಕೈಯವರ ಸ್ಕೂಟರಿನ ಹಿಂದೆ ಕೂತರು.

ಮನೆಯವರಿಗೆ ಗೊತ್ತಿದ್ದ, ಕಚೇರಿಗೆ ಗೊತ್ತಿಲ್ಲದ ಸತ್ಯ ಅಲ್ಲಿ ಹೊರಬಿತ್ತು. ಲೋಟ ಹಿಡಿದರೆ ಹತ್ತಿಯಾಗುವ ಆ ಕೈ ಹ್ಯಾಂಡಲ್ ಹಿಡಿದರೆ ಗದೆಯಾಗುತ್ತಿತ್ತು. ಗುಂಡಿ ಕಂಡರೆ ಅವರು ಸುತ್ತಿ ಹೋಗುವವರಲ್ಲ, ದಂಡೆತ್ತಿ ಹೋಗುವವರು. ರಸ್ತೆಯುಬ್ಬುಗಳನ್ನು ಏರಲಿಲ್ಲ, ಲಂಘಿಸಿದರು. ಅರ್ಧ ತುಂಬಿದ ಕ್ಯಾನಿನಲ್ಲಿ ರಕ್ತ ಮಜ್ಜಿಗೆಯಂತೆ ನೊರೆಯೆದ್ದಿತು.

ಇಳಿದ ಮೇಡಂ ಮೊದಲು ದವಡೆ ಮುಟ್ಟಿ ನೋಡಿಕೊಂಡರು. "ಸರ್, ಒಂದು ಜಾಡಿ ಪಂಪಿಗೆ ಹಾಕದೇ ನೋಡೋಣ."

"ಯಾಕೆ? ನಾನೇ ತಂದಿದ್ದಲ್ವಾ?"

"ಅದಕ್ಕೇ."

ಪಂಪಿನ ಮುಖವನ್ನೇ ನೋಡದ ಆ ರಕ್ತದ ತಿಳಿ ಚೆಂದದ ಗುಲಾಬಿಯಾಗಿತ್ತು.

ಮೇಡಂ ದನಿ ಏರಿಸಲಿಲ್ಲ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಇಷ್ಟು ದಿನ ನಾನು ನೆಲ ಸರಿ ಮಾಡ್ತಾ ಇದ್ದೆ ಸರ್."

ಹತ್ತಿಕೈಯವರು ಇಂಗು ತಿಂದ ಮಂಗನಂತೆ ನಿಂತರು. 'ರಸ್ತೆ ಸರಿ ಇಲ್ಲ' ಎಂಬ ಮಾತು ನಾಲಿಗೆಯ ತುದಿಗೆ ಬಂತು; ಅದೂ ನೆಲವೇ ಎಂದು ಹೊಳೆದು ನುಂಗಿಕೊಂಡರು. ಹದ ಎಲ್ಲರ ಕೈಗೂ ಬರಲ್ಲ ಎಂದಿದ್ದ ಅವರ ಮಾತೇ ಈಗ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಿತ್ತು.

ಸಂಜೆ ಮನೆಯ ಬಾಗಿಲು ಧಡಾರೆಂದಿತು. "ಯಾರದು?" ಎಂದು ಹೆಂಡತಿ ಒಳಗಿಂದ ಓಡಿಬಂದರು.

"ನಾನೇ."

"ನೀವಾ? ಏನಾಯ್ತು?"

ಅವರು ಎಲ್ಲ ಹೇಳಿದರು. ಹೆಂಡತಿ ನಗಲಿಲ್ಲ, ನಕ್ಕಿದ್ದರೇ ವಾಸಿಯಿತ್ತು. "ಇಷ್ಟು ವರ್ಷ ನಾನು ಬಸ್ಸಲ್ಲಿ ಯಾಕೆ ಓಡಾಡ್ತೀನಿ ಅಂದ್ಕೊಂಡಿದ್ರಿ? ಬಸ್ಸು ಇಷ್ಟ ಅಂತಾನಾ?"

"ನೀನು ಹೇಳಬಹುದಿತ್ತು."

"ಹೇಳಿದ್ದೆ. ಸೀಟು ಸರಿ ಇಲ್ಲ ಅಂತ ಸೀಟು ಬದಲಾಯಿಸಿದ್ರಿ."

ಮರುದಿನ ಸಭೆಯಲ್ಲಿ ಅವರು ಎದ್ದು ನಿಂತರು. ಭೂಮಿ ಬಾಯಿ ಬಿಡಲಿ ಎಂದು ಒಂದು ಕ್ಷಣ ಕಾದರು, ಅದು ಬಿಡಲಿಲ್ಲ. "ಮೇಡಂ ಆಯಸ್ಕಾಂತ ಸರಿ ಇದೆ. ರಕ್ತ ಒಡೆದಿದ್ದು ನನ್ನ ಸ್ಕೂಟರಲ್ಲಿ. ಹೋಲಿಸೋ ಜಾಡಿ ಬೇಡ ಅಂದಿದ್ದೂ ನಾನೇ. ಮೇಡಂಗೆ ಎಲ್ಲರೆದುರು ಅಂದಿದ್ದು ತಪ್ಪು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು, ಅದನ್ನು ಕೆಮ್ಮಾಗಿ ಬದಲಿಸಿಕೊಂಡರು. ಹತ್ತಿಕೈಯವರ ಕಿವಿಗಳು ಜಾಡಿಯ ತಿಳಿಗಿಂತ ಕೆಂಪಾಗಿದ್ದವು. ಮೇಡಂ ಇಷ್ಟೇ ಅಂದರು: "ಇನ್ನೊಂದು ಸಲ ರಕ್ತ ತನ್ನಿ ಸರ್. ನೋಡೋಣ."

ಆ ಸಲ ಎರಡು ಜಾಡಿಗಳ ತಿಳಿಯೂ ಒಣಹುಲ್ಲಿನ ಬಣ್ಣಕ್ಕೆ ಬಂತು. ತೇಲುವ ಚಕ್ರ ಉಳಿಯಿತು, ಮೇಡಂ ತಮ್ಮ ಮೇಜಿನಲ್ಲೇ ಉಳಿದರು.

ಪಂಪು ನೋಡಲು ವೈದ್ಯರ ತಂಡ ಬಂದಾಗ ಮುಖ್ಯಸ್ಥರು, ಹಳೆಯದನ್ನೆಲ್ಲ ಮರೆತವರಂತೆ, ವರ್ಷಗಳ ತಪಸ್ಸು, ಕಣಕಣದ ಮೇಲಿನ ಕರುಣೆ ಎಂದೆಲ್ಲ ಬಣ್ಣಿಸಿದರು. ವೈದ್ಯರಲ್ಲಿ ಹಿರಿಯರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಕೊನೆಗೆ ಗೆದ್ದಿದ್ದು ಯಾವ ಬದಲಾವಣೆಯಿಂದ? ಸೂಕ್ಷ್ಮವಾಗಿ ಹೇಳಿ."

ಮೇಡಂ ಕಿಟಕಿಯ ಕಡೆ ತಿರುಗಿದರು. ಹತ್ತಿಕೈಯವರು ಧೂಳು ಹಿಡಿದ ತಮ್ಮ ಚಪ್ಪಲಿಗಳನ್ನು ನೋಡಿಕೊಂಡರು.

"ಈಗ ನಡ್ಕೊಂಡು ಹೋಗಿ ತರ್ತೀನಿ."